ಹಸಿರು ಉಣ್ಣೆಯ ಲಡಿ

ಹಾಲ್‌ಬ್ರೂ, ಸ್ವೀಡನ್
೨೫ ನವೆಂಬರ್ ೧೮೭೭

ಪ್ರೀತಿಯ ಮಾಲ್ವಿನಾ,

ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದೆ ಕೂತಿದ್ದೆ, ಬೇಸರಿಸಬೇಡ. ನನ್ನ ಮೈ ಚೆನ್ನಾಗಿದೆ. ಬರೆಯಲು ಕೂತರೆ ಈ ವಿಷಯವನ್ನೇ ಬರೆಯಬೇಕಾಗುತ್ತದೆ ಎಂದು ಮುಂದೂಡಿದೆ.

ರೈಲ್ವೆಯವರ ಕಣ್ಣಿನ ಪರೀಕ್ಷೆಯ ಸುದ್ದಿ ನಿಮ್ಮೂರಿಗೂ ಬಂದಿರಬೇಕು. ಬಣ್ಣ ಗೊತ್ತಾಗದವರು ಇಂಜಿನ್ ನಡೆಸಬಾರದು ಎಂದು ಸಾಹೇಬರಿಗೆ ಈಗ ಜ್ಞಾನೋದಯವಾಗಿದೆ. ಹಿಂದೆ ನಮ್ಮ ಸೇತುವೆಯ ಹತ್ತಿರ ಎರಡು ರೈಲುಬಂಡಿಗಳು ಡಿಕ್ಕಿಯಾದಾಗ ಇದೇ ಜನ ಡ್ರೈವರ್ ಕುಡಿದಿದ್ದ ಎಂದು ಬರೆದು ಕೈತೊಳೆದುಕೊಂಡರು. ಸತ್ತವನು ಎದ್ದು ಬಂದು ಇಲ್ಲ ಎನ್ನುತ್ತಾನೆಯೇ? ನಾನಂತೂ ಮರೆತಿಲ್ಲ.

ನನ್ನ ಪುಸ್ತಕದಂಗಡಿಗೆ ಬರುವ ಪತ್ರಿಕೆಯಲ್ಲಿ ಪರೀಕ್ಷೆಯ ಕ್ರಮ ವಿವರವಾಗಿ ಬಂದಿತ್ತು. ಮೇಜಿನ ಮೇಲೆ ಬಣ್ಣಬಣ್ಣದ ಉಣ್ಣೆಯ ಲಡಿಗಳನ್ನು ಹರಡಿ, ಒಂದು ತಿಳಿಹಸಿರು ಲಡಿ ಕೊಟ್ಟು, ಇದನ್ನು ಹೋಲುವುದನ್ನೆಲ್ಲ ಆರಿಸು ಎನ್ನಬೇಕು. ಬಣ್ಣದ ಹೆಸರು ಮಾತ್ರ ಕೇಳಕೂಡದು. ಹೆಸರನ್ನು ಯಾರು ಬೇಕಾದರೂ ಕಲಿಯಬಹುದು. ಹುಲ್ಲು ಹಸಿರು, ರಕ್ತ ಕೆಂಪು ಎಂದು ಹೇಳಲು ಅದು ಕಣ್ಣಿಗೆ ಹಾಗೆ ಕಾಣಲೇಬೇಕೆಂದಿಲ್ಲ. ನಮ್ಮ ಸ್ಟೇಷನ್ ಮಾಸ್ತರ್ ಬ್ಯೂರ್‌ಮನ್ ಏನು ಮಾಡಿದರು ಗೊತ್ತೆ? ಉಣ್ಣೆಯ ಕಟ್ಟನ್ನು ಬಿಚ್ಚದೆ, ದಿನಾ ಬೀಸುವ ಅದೇ ಮಾಸಲು ಬಾವುಟ ಎತ್ತಿ ಹಿಡಿದು "ಯಾವ ಬಣ್ಣ?" ಎಂದರಂತೆ. ಎಲ್ಲರೂ ಪಾಸು. ನಿನ್ನ ಅಣ್ಣ ಎಲೋಫನೂ ಪಾಸು.

ನನಗೇಕೋ ಸಮಾಧಾನವಾಗಲಿಲ್ಲ. ಚಿಕ್ಕವನಿದ್ದಾಗ ಕಾಡಿನಲ್ಲಿ ಕೆಂಪು ಲಿಂಗನ್ ಹಣ್ಣು ಕೀಳಲು ಹೋದರೆ ಅವನ ಬುಟ್ಟಿಯಲ್ಲಿ ಅರ್ಧ ಹಸಿರು ಕಾಯಿಯೇ ಇರುತ್ತಿತ್ತಲ್ಲ, ಸೋಮಾರಿ ಎಂದು ನಾವೆಲ್ಲ ನಗುತ್ತಿದ್ದೆವು. ಭಾನುವಾರ ಊಟಕ್ಕೆ ಬಂದಾಗ ಹೆಣಿಗೆಯ ಬುಟ್ಟಿಯನ್ನು ಮುಂದಿಟ್ಟು, ಹಸಿರು ಲಡಿಯೊಂದನ್ನು ಕೊಟ್ಟು, ಇದರಂಥವನ್ನು ತೆಗೆ ಎಂದೆ.

"ಏನಮ್ಮ, ನನ್ನನ್ನೂ ಕಾಲುಚೀಲ ಹೆಣೆಯೋಕೆ ಕೂರಿಸ್ತೀಯಾ?" ಎಂದು ನಗುತ್ತಲೇ ಆರಿಸಿದ. ಬೂದು ತೆಗೆದ. ಮಣ್ಣಿನ ಬಣ್ಣದ್ದು ತೆಗೆದ. ಆಮೇಲೆ ತಿಳಿಗೆಂಪು.

"ಸಿಗ್ನಲ್ ದೀಪ ಹೇಗೋ ಗುರುತಿಸ್ತೀಯ?" ಎಂದೆ.

"ನಿಲ್ಲು ಅನ್ನೋ ಕೆಂಪು ಸ್ವಲ್ಪ ಮಂಕಾಗಿರುತ್ತೆ. ನಿಧಾನವಾಗಿ ಬಾ ಅನ್ನೋ ಹಸಿರು ಬೆಳ್ಳಗಿರುತ್ತೆ. ಎಲ್ಲರಿಗೂ ಹಾಗೇ ತಾನೆ?"

"ಮಂಜು ಬಿದ್ದಾಗ? ಎರಡೂ ಮಂಕಾದರೆ?"

ಅವನು ಲಡಿಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕತೊಡಗಿದ. "ಇಲ್ಲೀತನಕ ಏನೂ ಆಗಿಲ್ಲವಲ್ಲ. ಇಂಜಿನ್ ಬಿಟ್ಟರೆ ರೈಲ್ವೆ ಮನೆಯನ್ನೂ ಬಿಡಬೇಕು. ಹೆಂಡತಿ ಮಕ್ಕಳನ್ನ ಎಲ್ಲಿ ಇಡಲಿ? ಯಾರಿಗೂ ಹೇಳಬೇಡಮ್ಮ."

ಮರುದಿನವೇ ಬ್ಯೂರ್‌ಮನ್ ಅವರಿಗೆ ಹೇಳಿದೆ. ಅವರು ಕಾಫಿ ಕೊಟ್ಟು, "ಎಲ್ಲ ತಾಯಂದಿರೂ ಮಗನ್ನ ಪಾಸು ಮಾಡಿ ಅಂತ ಬರ್ತಾರೆ. ಫೇಲು ಮಾಡಿ ಅಂತ ಬಂದಿರೋದು ನೀವೊಬ್ಬರೇ. ಪುಸ್ತಕ ಓದೋದು ಸ್ವಲ್ಪ ಕಡಿಮೆ ಮಾಡೀಮ್ಮ" ಎಂದರು.

ಸ್ಟಾಕ್‌ಹೋಮಿನ ಕಚೇರಿಗೆ ಬರೆಯುತ್ತೇನೆ ಎಂದೆ.

"ಬರೀರಿ. ಮೊದಲು ಅವನ ಸಂಸಾರಕ್ಕೆ ನಿಮ್ಮ ಮನೇಲಿ ಜಾಗ ಇದೆಯಾ ನೋಡ್ಕೊಳ್ಳಿ."

ಇನ್ನೂ ಬರೆದಿಲ್ಲ. ಈ ವಾರವಿಡೀ ಕೆರೆಯ ಕಡೆಯಿಂದ ಮಂಜು ಏಳುತ್ತಿದೆ. ಸಂಜೆ ಅವನ ಬಂಡಿಯ ಸಿಳ್ಳು ಕೇಳುವವರೆಗೆ ಕಿಟಕಿ ಬಿಟ್ಟು ಕದಲುವುದಿಲ್ಲ. ಕೇಳಿದ ಮೇಲೆ, ಇವತ್ತು ಉಳಿದೆವು ಎಂದುಕೊಳ್ಳುತ್ತೇನೆ.

ಮಕ್ಕಳ ಹಣೆಗೆ ನನ್ನ ಮುತ್ತು. ದೇವರು ನಿಮ್ಮೆಲ್ಲರನ್ನೂ ಕಾಪಾಡಲಿ.

ನಿನ್ನ ಅಮ್ಮ,
ಉಲ್ರಿಕಾ

ತಾ.ಕ.: ಹಬ್ಬಕ್ಕೆ ಮಕ್ಕಳೊಡನೆ ಸಂಜೆಯ ಬಂಡಿಯಲ್ಲಿ ಬರುತ್ತೇನೆ ಎಂದಿದ್ದೀ. ಅದು ಎಲೋಫನ ಬಂಡಿ. ಅದನ್ನು ಹತ್ತಬೇಡ. ಅವನು ಕೇಳಿದರೆ ಮಗುವಿಗೆ ಜ್ವರವಿತ್ತು ಎನ್ನು. ನೀನು ನನ್ನ ಮಗಳು, ನಿನಗೆ ಹೇಳಿಬಿಟ್ಟೆ. ಅದೇ ಬಂಡಿಯಲ್ಲಿ ಬೇರೆಯವರ ಮಕ್ಕಳೂ ಬರುತ್ತಾರೆ, ಅವರಿಗೆ ಯಾರೂ ಹೇಳಿಲ್ಲ.