ಉಪ್ಪಿನ ಊಟ, ಕೊಲಾಪಳ ಉಸಿರು

ಕಾಂಪೋಟ್,
ಮಾರ್ಚ್ 12

ಹೇಳದೆ ಕೇಳದೆ ಹೊರಟುಹೋದ ನನ್ನ ಅಮ್ಮನಿಗೆ,

ಹಿರಿಮಗಳು ಚಂಥೂ ಕೈಮುಗಿದು ಬರೆಯುವುದು. ನೀನು ಫೋನ್ ಎತ್ತುತ್ತಿಲ್ಲ. ಅದಕ್ಕೇ ಮೆಣಸು ಮಾರಲು ಬಂದ ಚಿಕ್ಕಮ್ಮನ ಕೈಯಲ್ಲಿ ಈ ಕಾಗದ. ಮೊದಲು ಕೇಳು: ತಂಗಿ ಕೊಲಾಪ್ ಚೆನ್ನಾಗಿದ್ದಾಳೆ, ಮಗುವೂ ಚೆನ್ನಾಗಿದೆ. ಇನ್ನು, "ನನ್ನ ಅಡುಗೇನೇ ಮಗಳನ್ನ ಕೊಲ್ತಿತ್ತು" ಅಂತ ನೀನು ವಾರ್ಡಿನಿಂದ ನಮ್ಮೂರಿನ ಉಪ್ಪಿನ ಗದ್ದೆಗೆ ಓಡಿಹೋದೆಯಲ್ಲ, ಆ ವಿಚಾರ.

ಅಡಿಯಲ್ಲಿ ಕೆಂಡವಿಟ್ಟ ಬಾಣಂತಿ ಮಂಚದಿಂದ ಕೊಲಾಪಳನ್ನು ನಾನು ಕೆಲಸ ಮಾಡುವ ಆಸ್ಪತ್ರೆಗೆ ತಂದಾಗ ಮಲಗಲಾರದೆ ಕೂತೇ ಏದುಸಿರು ಬಿಡುತ್ತಿದ್ದಳು. "ಕೆಂಡ ಸಾಲ್ದು, ಶೀತ ಹೊಕ್ಕಿದೆ" ಎಂದೆ ನೀನು. ನಮ್ಮ ದೊಡ್ಡ ಡಾಕ್ಟರು ವುಥಿ, "ವಾರವೆಲ್ಲಾ ಹೊಗೆ ಕುಡಿದವಳಿಗೆ ಆಸ್ತಮಾ ಅಲ್ದೆ ಇನ್ನೇನಮ್ಮಾ" ಎಂದು ಡ್ರಿಪ್ ಹಾಕಿಸಿದರು. ನಿಮ್ಮಿಬ್ಬರ ಮಾತೂ ನನಗೆ ಹಿಡಿಸಲಿಲ್ಲ. ಅವಳ ಪಾದ ಊದಿತ್ತು. ಸಣ್ಣ ಸ್ಕ್ಯಾನಿಂಗ್ ಯಂತ್ರವನ್ನು ಮಂಚದ ಪಕ್ಕಕ್ಕೇ ತಳ್ಳಿಕೊಂಡು ಬಂದೆ. "ಬಸಿರು ನೋಡೋದನ್ನ ಎದೆಗ್ಯಾಕೆ ಇಡ್ತೀಯೇ" ಎಂದು ನೀನು ಮೂಗು ಮುರಿದೆ.

ಆಸ್ತಮಾ ಆಗಿದ್ದರೆ ಪರದೆ ಕಪ್ಪಗಿರಬೇಕಿತ್ತು. ಅವಳ ಎದೆಯ ಎರಡೂ ಬದಿ ಮೇಲಿಂದ ಕೆಳಗೆ ಬಿಳಿ ಪಟ್ಟೆಗಳು ಇಳಿದಿದ್ದವು. ಒಣಗಿದ ಉಪ್ಪಿನ ಗದ್ದೆಗೆ ಸಮುದ್ರ ನುಗ್ಗಿದ ಹಾಗೆ ಶ್ವಾಸಕೋಶದಲ್ಲಿ ನೀರು. ಹೃದಯವೋ, ಹಿಗ್ಗಿ ಸೋತು, ಬಡಿಯಲೋ ಬೇಡವೋ ಎನ್ನುತ್ತಿತ್ತು. "ಸರ್, ಇದು ಹಾರ್ಟಿಂದು" ಎಂದೆ. ಅವರು ಪರದೆಗೆ ಬಗ್ಗಿ ನೋಡಿ, "ಮೊದಲು ಆ ಡ್ರಿಪ್ ನಿಲ್ಸಿ!" ಎಂದು ಕೂಗಿದರು. ನೀರಿಳಿಸುವ ಇಂಜೆಕ್ಷನ್ ಕೊಟ್ಟೆವು.

ಆಮೇಲೆ ಅವರು ಊಟ ಏನೆಂದು ಕೇಳಿದರು. ನೀನು ಹೆಮ್ಮೆಯಿಂದ ಡಬ್ಬಿ ತೆರೆದೆ: ಬಾಣಂತಿಯ ಮೈ ಬೆಚ್ಚಗಿರಲೆಂದು ಮೆಣಸು, ಉಪ್ಪು ಸುರಿದು ಹುರಿದ ಹಂದಿಮಾಂಸ. "ಅಯ್ಯೋ, ಇಷ್ಟು ಉಪ್ಪಾ!" ಎಂದರು ಅವರು. ಡಬ್ಬಿ ಅಲ್ಲೇ ಬಿಟ್ಟು ನೀನು ಹೊರಟೆ.

ಅಮ್ಮಾ, ಡಾಕ್ಟರಾಗಿ ಹೇಳುತ್ತಿದ್ದೇನೆ. ಹೃದಯ ಸೋತದ್ದು ಬಸಿರು, ಹೆರಿಗೆಯ ಭಾರಕ್ಕೆ. ಕೆಲವರಿಗೆ ಹಾಗಾಗುತ್ತದೆ, ಯಾರ ತಪ್ಪೂ ಅಲ್ಲ. ಉಪ್ಪು ಮೈಯಲ್ಲಿ ನೀರು ಹಿಡಿದಿಟ್ಟು ತೊಂದರೆ ಹೆಚ್ಚು ಮಾಡಿತು, ಅಷ್ಟೇ. ಅಜ್ಜಿ ನಿನಗೆ ತಿನ್ನಿಸಿದ್ದನ್ನೇ ನೀನು ಅವಳಿಗೆ ತಿನ್ನಿಸಿದೆ. ಸಂಜೆಗೆ ಅವಳು ದಿಂಬಿಗೊರಗಿ, "ಅಕ್ಕಾ, ಎದೆ ನೋಡಿದ್ದು ಸಾಕು, ಹಸಿವು" ಎಂದಾಗ ನನಗೆ ಹೋದ ಜೀವ ಬಂತು. ಈಗ ಆಸ್ಪತ್ರೆಯ ಸಪ್ಪೆ ಗಂಜಿ ಮುಟ್ಟುತ್ತಿಲ್ಲ. "ಅಮ್ಮ ಉಪ್ಪಿಲ್ದೇನೂ ರುಚಿ ಮಾಡ್ತಾಳೆ" ಅಂತ ಅಳುತ್ತಾಳೆ. ಹಟ ಬಿಟ್ಟು ಬಾ.

ನಿನ್ನ
ಚಂಥೂ

ತಾ.ಕ.: ಅವಳು ನಿದ್ದೆ ಹೋದ ಮೇಲೆ ಅದೇ ಯಂತ್ರವನ್ನು ನನ್ನ ಎದೆಗೆ ಇಟ್ಟುಕೊಂಡೆ. ಹೃದಯ ಗಟ್ಟಿಯಾಗಿದೆ. ಆಮೇಲೆ ಹೊಟ್ಟೆಗೆ ಇಟ್ಟುಕೊಂಡೆ. ಅಲ್ಲೂ ಒಂದು ಪುಟ್ಟ ಹೃದಯ ಪಟಪಟ ಬಡಿಯುತ್ತಿತ್ತು. ನನ್ನ ಗಂಡನಿಗೂ ಇನ್ನೂ ಹೇಳಿಲ್ಲ. ನನ್ನ ಬಾಣಂತನ ನಿನ್ನ ಕೈಯಲ್ಲೇ ಆಗಬೇಕು.