ಅರವತ್ತೊಂದು ಟೇಪು

ಮನೆಯಿಂದ,
ಮಾರ್ಚ್ ೧೪, ಶನಿವಾರ ಬೆಳಿಗ್ಗೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಶಿಬಿರದಲ್ಲಿ ಬರೀ ನೆಲದ ಮೇಲೆ ಮಲಗ್ತೀಯ ಅಂತ, ಅಲ್ಲಿಗೂ ಇಲ್ಲಿಗೂ ಓಡಾಡೋ ನರ್ಸಮ್ಮ ಹೇಳಿದರು. ಇರೋ ಕಂಬಳಿಯನ್ನೆಲ್ಲ ಮಕ್ಕಳಿಗೆ ಹೊದಿಸಿ ನೀನು ನಡುಗುತ್ತ ಕೂರಬೇಡ, ನಿನ್ನ ಬುದ್ಧಿ ನನಗೆ ಗೊತ್ತು. ಭಾವನ ಸುದ್ದಿ ಇನ್ನೂ ಇಲ್ಲ. ಕಂಡವರನ್ನೆಲ್ಲ ಕೇಳ್ತಾನೇ ಇದ್ದೀನಿ. ನಾನು ಚೆನ್ನಾಗಿದ್ದೀನಿ, ಅಂದರೆ ಕೈಕಾಲು ನೆಟ್ಟಗಿವೆ.

ರೇಡಿಯೋ ಕೇಂದ್ರದ ನನ್ನ ಕೆಲಸ ನಿನ್ನೆಗೆ ಮುಗಿಯಿತು. ಊರು ಹಿಡಿದವರು ಮೊದಲು ರಸ್ತೆಯ ಬೋರ್ಡು ಬದಲಾಯಿಸಿದರು, ಆಮೇಲೆ ಶಾಲೆಯ ಪುಸ್ತಕ. ಹೋದ ತಿಂಗಳು, ನಮ್ಮ ಭಾಷೆಯ ಟೇಪುಗಳನ್ನೆಲ್ಲ ಒಪ್ಪಿಸಬೇಕು ಅಂತ ಆದೇಶ ಬಂತು. ಎರಡು ಸಾವಿರಕ್ಕೂ ಮೇಲೆ ಟೇಪು, ಕರೆಂಟು ದಿನಕ್ಕೆ ಎರಡು ಗಂಟೆ. ರಿಟೈರಾಗಿ ಮನೆಯಲ್ಲಿದ್ದ ತಂತಿಮಾಮ, ಅದೇ ನಮ್ಮ ಹಳೆಯ ಇಂಜಿನಿಯರು, ತಾವಾಗಿ ಬಂದು ಕೆಟ್ಟು ಕೂತಿದ್ದ ಯಂತ್ರ ಸರಿಮಾಡಿಕೊಟ್ಟರು. ಒಂದು ಗಂಟೆಯ ಟೇಪು ಕಂಪ್ಯೂಟರಿಗೆ ಇಳಿಯೋಕೆ ಒಂದು ಗಂಟೆಯೇ ಬೇಕು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ! ಯಾವುದನ್ನು ಮೊದಲು ಹಾಕೋಣ ಅಂದರೆ ಮಾಮ ಮುಖ ತಿರುಗಿಸಿದರು. "ಅದನ್ನ ನನ್ನ ಕೇಳಬೇಡಮ್ಮ, ತಿರುಪು ತಿರುಗಿಸೋದಷ್ಟೇ ನನ್ನ ಕೆಲಸ," ಅಂದರು. ನಾನೇ ಆರಿಸಿದೆ. ಭಾಷಣ, ನಾಟಕ ಬಿಟ್ಟೆ. ದೋಣಿಯವರ ಕೂಗು ಹಾಕಿದೆ, ನೇಯುವವರ ಹಾಡು ಹಾಕಿದೆ. ಒಬ್ಬ ಅಜ್ಜಿ ಹಾಡುತ್ತ ಹಾಡುತ್ತ ಕೆಮ್ಮಿ, "ನೀರು ಕೊಡ್ರಪ್ಪ" ಅಂತಾಳೆ. ಆ ಕೆಮ್ಮನ್ನೂ ಕತ್ತರಿಸಲಿಲ್ಲ.

ಅರವತ್ತೊಂದು ಆಗುವಷ್ಟರಲ್ಲಿ ಲಾರಿ ಬಂತು. ಮಣ್ಣು ತುಂಬುವ ಹಾಗೆ ಸನಿಕೆಯಲ್ಲಿ ಎತ್ತಿ ತುಂಬಿದರು. ಜೊತೆಗೆ ಬಂದ ಅಧಿಕಾರಿ ಸಭ್ಯಸ್ಥ, ನನಗೆ ಕುರ್ಚಿ ಕೊಟ್ಟು ಕೂರಿಸಿದ. ಟೇಪು ಹೋದರೆ ಹೋಗಲಿ, ಏನೇನಿತ್ತು ಅನ್ನೋ ಪಟ್ಟಿಯನ್ನಾದರೂ ಬಿಡಿ ಅಂತ ಬೇಡಿಕೊಂಡೆ. "ಪಟ್ಟಿ ಬೇರೆ ಇದೆಯೇ? ಅದನ್ನೂ ಕೊಡಿ," ಅಂದ. ಹಾಳು ಬಾಯಿ ನನ್ನದು. ಇಪ್ಪತ್ತು ವರ್ಷ ನಾನೇ ಬರೆದ ರಿಜಿಸ್ಟರುಗಳನ್ನು ನನ್ನ ಕೈಯಾರೆ ಎತ್ತಿಕೊಟ್ಟೆ. ಮಾಮ ಬಾಗಿಲ ಹತ್ತಿರ ನಿಂತು ನೋಡ್ತಿದ್ದರು.

ನರ್ಸಮ್ಮನ ಔಷಧಿ ಡಬ್ಬಿಯಲ್ಲಿ ಈ ಕಾಗದದ ಜೊತೆ ಬೆರಳುದ್ದದ ಪೆನ್ ಡ್ರೈವ್ ಬರ್ತಿದೆ, ಅರವತ್ತೊಂದೂ ಅದರಲ್ಲಿವೆ. ಸಿಕ್ಕವರಿಗೆಲ್ಲ ಕಾಪಿ ಮಾಡಿ ಹಂಚು. ಮಕ್ಕಳಿಗೆ ಮುತ್ತು, ನಿನಗೆ ನಮಸ್ಕಾರ.

ನಿನ್ನ ತಂಗಿ,
ಪುಟ್ಟಿ

ಮರೆತಿದ್ದೆ ಅಂದರೆ ಸುಳ್ಳಾಗುತ್ತೆ, ಬರೆಯೋಕೆ ಕೈ ಬರಲಿಲ್ಲ: ಅದರಲ್ಲಿ ಅಮ್ಮನನ್ನು ಹುಡುಕಬೇಡ. ಅಮ್ಮ ಹಾಡಿದ ಟೇಪು ಕೈಯಲ್ಲಿತ್ತು. ಅದನ್ನು ಕೆಳಗಿಟ್ಟು ಬೆಟ್ಟದ ಸೂಲಗಿತ್ತಿಯದ್ದನ್ನು ಹಾಕಿದೆ. ಬೆಟ್ಟದ ಕಡೆಯ ಅವಳ ಮಾತು ಬಲ್ಲವರು ಈಗ ಒಬ್ಬರೂ ಇಲ್ಲ, ಅಮ್ಮನ ಹಾಡಿಗೆ ನಾವಿಬ್ಬರಿದ್ದೀವಲ್ಲ ಅಂದುಕೊಂಡೆ. ನಿನ್ನೆಯಿಂದ ಗುನುಗಿ ನೋಡ್ತಿದ್ದೀನಿ ಅಕ್ಕಾ, ಎರಡು ಸಾಲಿನ ಮುಂದೆ ನನಗೆ ಬರ್ತಿಲ್ಲ. ನಿನಗೆ ಬಂದಷ್ಟು ಬರೆದು ಕಳಿಸು, ತಪ್ಪಿದ್ದರೂ ಪರವಾಗಿಲ್ಲ. ನರ್ಸಮ್ಮ ಸೋಮವಾರ ಅಲ್ಲಿಂದ ವಾಪಸು ಹೊರಡುತ್ತಾರೆ.