ಸ್ಟೇರಿಂಗಿಗೆ ಕಟ್ಟಿದ ಕೆಂಪು ಬಟ್ಟೆ

ಯಾದಗಿರಿ
20 ಸೆಪ್ಟೆಂಬರ್ 2025

ಬಾಷುಮಿಯಾ,

ನಿನಗೆ ಸಲಾಂ, ಮನೆಯಲ್ಲಿ ಜಹೀರುನ್ನೀಸಾ ತಂಗಿಗೂ ತಿಳಿಸು. ಮೊದಲು ‘ಪ್ರೀತಿಯ ಗೆಳೆಯ’ ಎಂದು ಬರೆದಿದ್ದೆ. ಓದಿದರೆ ನನಗೇ ನಾಚಿಕೆಯಾಗಿ ಹೊಡೆದು ಹಾಕಿದೆ. ಆಮೇಲೆ ‘ನೀವು’ ಎಂದು ಶುರು ಮಾಡಿದೆ. ಅದು ಬಯಲಾಟದ ಮಾತಿನಂತೆ ಕೇಳಿಸಿತು. ಮೂವತ್ತು ವರ್ಷ ನಿನ್ನನ್ನು ನೀನು ಎಂದೇ ಕರೆದವನು ನಾನು. ಹಾಗೆಯೇ ಬರೆಯುತ್ತೇನೆ, ಸಿಟ್ಟು ಬಂದರೆ ಬರಲಿ.

ನಿನ್ನ ಸೈದಾಪುರದ ವಿಳಾಸ ಕೊಟ್ಟವನು ಸುರಪುರದ ಆಸೀಫ್. ನಿನ್ನ ಕೈಯಲ್ಲಿ ಕೆಲಸ ಕಲಿತವನು ಈಗ ಅಲ್ಲಿ ಸ್ವಂತ ಗ್ಯಾರೇಜು ಇಟ್ಟಿದ್ದಾನೆ. ಹೋದ ವಾರ ನಮ್ಮ ಫಿಯೆಟ್ಟನ್ನು ಅವನ ಬಳಿ ಒಯ್ದಿದ್ದೆ. ಅಪ್ಪ ಅರವತ್ತೆರಡನೇ ಇಸವಿಯಲ್ಲಿ ಹೈದರಾಬಾದಿನಿಂದ ತಂದ ಅದೇ ಫಿಯೆಟ್ಟು. ಯಾದಗಿರಿಯಲ್ಲಿ ಮಿಸ್ತ್ರಿಗಳಿಲ್ಲವೇ ಎಂದು ಕೇಳಬೇಡ. ಇದ್ದಾರೆ, ಆದರೆ ನನ್ನ ಕಾರು ಕಂಡ ಕೂಡಲೇ ಎಲ್ಲರಿಗೂ ಚಹಾ ಕುಡಿಯುವ ನೆನಪಾಗುತ್ತದೆ. ಬಾಷುಮಿಯಾನ ಮೇಲೆ ತಪ್ಪು ಹೊರಿಸಿದವನು ನಾಳೆ ನಮ್ಮನ್ನು ಬಿಟ್ಟಾನೆಯೇ ಎಂಬ ಅಂಜಿಕೆ. ಅವರನ್ನು ಬೈಯಲು ನನಗೆ ಬಾಯಿಲ್ಲ.

ಆರು ವರ್ಷದ ಹಿಂದಿನ ಅಪಘಾತದ ನಂತರ ಬೇರೆ ಊರಿನಲ್ಲಿ ಹೇಗೋ ಓಡುವಂತೆ ಮಾಡಿಸಿದ್ದೆ, ಅಷ್ಟೆ. ಐವತ್ತರ ವೇಗ ದಾಟಿದರೆ ಸಾಕು, ಸ್ಟೇರಿಂಗು ಚಳಿಜ್ವರ ಬಂದವರಂತೆ ಗಡಗಡ ನಡುಗುತ್ತಿತ್ತು. ಆಸೀಫ್ ಮುಂದಿನ ಗಾಲಿಯನ್ನು ಜಾಕಿನ ಮೇಲೆ ಎತ್ತಿ, ಮೇಲೆ ಕೆಳಗೆ ಹಿಡಿದು ಅಲುಗಿಸಿದ. ಕಟಕಟ ಎಂದಿತು. ಬದಿಗಳಲ್ಲಿ ಹಿಡಿದು ಅಲುಗಿಸಿದ. ಅಲ್ಲೂ ಕಟಕಟ. “ಕಿಂಗ್ ಪಿನ್ನಿನ ಬುಷ್ ಪೂರಾ ತಿಂದು ಹೋಗ್ಯಾವ್ರಿ, ಗಾಲಿ ತಿರುಗಸೂ ಟೈ ರಾಡಿನ ಜಾಯಿಂಟೂ ಸಡ್ಲ ಆಗೈತಿ. ಬರೇ ಗಾಲಿ ಬ್ಯಾಲೆನ್ಸ್ ಮಾಡಿದ್ರ ಏನೂ ಆಗಂಗಿಲ್ರಿ” ಎಂದ. ಹೊಸ ಬುಷ್ ಕೂರಿಸಿ, ಒಳಗಿನ ತೂತನ್ನು ಕೂದಲೆಳೆಯಷ್ಟೇ ಕೆರೆದು ಕೆರೆದು ಅರ್ಧ ದಿನ ಕಳೆದ. ಇಷ್ಟು ಹೊತ್ತು ಯಾಕಪ್ಪಾ ಎಂದರೆ, ಪಿನ್ನು ಹೆಬ್ಬೆರಳಿನಿಂದ ಒತ್ತಿದಾಗ ಒಳಗೆ ಹೋಗಬೇಕು, ತಾನಾಗಿ ಬೀಳಬಾರದು, ಉಸ್ತಾದರು ಹಾಗೆ ಕಲಿಸಿದ್ದಾರೆ ಎಂದ.

ಅವತ್ತು ಶುಕ್ರವಾರ. ನಮಾಜಿಗೆ ಹೊರಡುವ ಮುಂಚೆ ಅವನು ಒಂದು ಕೆಂಪು ಬಟ್ಟೆಯ ಚೂರನ್ನು ತೆಗೆದು ಸ್ಟೇರಿಂಗಿಗೆ ಕಟ್ಟಿದ. ಏನೂ ಗೊತ್ತಿಲ್ಲದವನಂತೆ ಅದೇನು ಎಂದು ಕೇಳಿದೆ.

“ಕೆಲಸ ಅರ್ಧ ಆಗೈತಿ, ಗಾಡಿ ಮುಟ್ಟಬ್ಯಾಡ್ರಿ ಅಂತ ಗುರ್ತರಿ. ಕಟ್ಟಿದಂವನ ಬಿಚ್ಚಬೇಕು. ನಮ್ಮ ಉಸ್ತಾದ್ರು ಊಟಕ್ಕ ಹೋದ್ರೂ ಕಟ್ಟಿ ಹೋಗತಿದ್ರು. ಅಂಥಾವ್ರು ನಟ್ಟು ಬಿಗೀಲಾರದ ಗಾಡಿ ಕೊಟ್ರು ಅಂದ್ರ ಜನ ಹೆಂಗ ನಂಬಿದ್ರೋ ಏನೋ.” ಹೀಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಜನ ಹೇಗೆ ನಂಬಿದರು ಎಂದರೆ, ನಾನು ಹೇಳಿದೆ, ಅದಕ್ಕೇ ನಂಬಿದರು. ಬಟ್ಟೆ ಅಂಗಡಿ ಜಗದೇವಪ್ಪ ಸಾವ್ಕಾರ ಸುಳ್ಳು ಹೇಳುವವನಲ್ಲ ಎಂದು ಊರಿನಲ್ಲಿ ನನಗೊಂದು ಹೆಸರಿತ್ತಲ್ಲ. ಆ ಹೆಸರನ್ನು ನಿನ್ನ ಮೇಲೆ ಕಲ್ಲಿನಂತೆ ಎತ್ತಿ ಹಾಕಿದೆ.

ಆರು ವರ್ಷದ ಹಿಂದಿನ ಆ ದಸರೆಯನ್ನು ನನಗಿಂತ ನೀನೇ ಚೆನ್ನಾಗಿ ಬಲ್ಲೆ. ಆದರೂ ನನ್ನ ಕೈಯಿಂದ ಬರೆದಿರಲಿ. ನೀನು ನಮ್ಮ ಅಂಗಳದಲ್ಲೇ ಕಾರಿನ ಮುಂಭಾಗ ಬಿಚ್ಚಿ ಹೊಸ ಕಿಂಗ್ ಪಿನ್ನು ಹಾಕುತ್ತಿದ್ದೆ. ಇನ್ನು ಒಂದು ತಾಸಿನ ಕೆಲಸ ಉಳಿದಿತ್ತು. ಮಾರನೇ ದಿನ ಆಯುಧಗಳ ಖಂಡೆ ಪೂಜೆ. ಅಜ್ಜನ ಕತ್ತಿಯ ಜೊತೆಗೆ ನಿನ್ನ ನಟ್ಟು ಬಿಗಿಯುವ ಪಾನಾಗಳನ್ನೂ ಪೂಜೆಗೆ ಇಡಬೇಕೆಂದು ಹಟ ಹಿಡಿದವನು ನಾನು. ಸಾವ್ಕಾರ್ರ, ಒಂದು ತಾಸು ತಡೀರಿ ಎಂದು ನೀನು ಹೇಳಿದೆ. ನಾನು ಕೇಳಲಿಲ್ಲ. ಪಾನಾ ತೊಳೆದು, ವಿಭೂತಿ ಹಚ್ಚಿ, ಜಗಲಿಯ ಮೇಲೆ ಸಾಲಾಗಿ ಇಟ್ಟೆ. ಒಮ್ಮೆ ಇಟ್ಟರೆ ದಶಮಿ ಮುಗಿಯುವವರೆಗೆ ಮುಟ್ಟುವ ಹಾಗಿಲ್ಲ. ಟೈ ರಾಡಿನ ನಟ್ಟು ಬರೀ ಕೈಯಿಂದ ತಿರುಗಿಸಿದ್ದು, ಅದು ಬಿಚ್ಚಿಕೊಳ್ಳದಂತೆ ತಡೆಯುವ ಸ್ಪ್ಲಿಟ್ ಪಿನ್ನು ಇನ್ನೂ ಹಾಕಿಲ್ಲ, ದಶಮಿಯ ಮರುದಿನ ಬಂದು ಮುಗಿಸುತ್ತೇನೆ ಎಂದು ನೀನು ಎರಡೆರಡು ಸಲ ಹೇಳಿದೆ. ನನ್ನ ಅಂಗಡಿಯಿಂದಲೇ ಒಂದು ಚೂರು ಕೆಂಪು ಬಟ್ಟೆ ಕೇಳಿ ಪಡೆದು ಸ್ಟೇರಿಂಗಿಗೆ ಕಟ್ಟಿದೆ. “ಇದನ್ನ ನಾನ ಬಿಚ್ಚತೀನ್ರಿ” ಎಂದೆ ನೀನು.

ಬಿಚ್ಚಿದವನು ನಾನು. ಪೂಜೆಯ ದಿನ ಕಾರು ತೊಳೆದಾಗ ಆ ಎಣ್ಣೆ ಹತ್ತಿದ ಚಿಂದಿ ಕಣ್ಣಿಗೆ ಚುಚ್ಚಿತು. ಬಿಚ್ಚಿ ಜೇಬಿಗೆ ಹಾಕಿಕೊಂಡು, ಅದೇ ಜಾಗಕ್ಕೆ ಚೆಂಡು ಹೂವಿನ ಮಾಲೆ ಕಟ್ಟಿದೆ. ಜಾಕು ಇಳಿಸಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅವುಗಳ ಮೇಲೆ ಓಡಿಸಿದೆ. ನಡುಗಲಿಲ್ಲ. ನಾಲ್ಕು ಹೆಜ್ಜೆ ಓಡಿದ ಕಾರು ನಡುಗುತ್ತದೆಯೇ? ಆಗಿಯೇ ಹೋಗಿದೆ ಬಿಡು, ಬಾಷುಮಿಯಾನದು ಯಾವಾಗಲೂ ಅತಿ ಜಾಗ್ರತೆ ಎಂದುಕೊಂಡೆ. ಮರುದಿನ ಸಂಜೆ ಸೂಗಮ್ಮನನ್ನು ಕೂರಿಸಿಕೊಂಡು, ಅವಳ ತವರಿಗೆ ಬನ್ನಿ ಕೊಡಲು ಶಹಾಪುರಕ್ಕೆ ಹೊರಟೆ. ಭಾವಂದಿರ ಮುಂದೆ ಕಾರು ನಿಲ್ಲಿಸುವ ಹುರುಪು ನನಗೆ. ಭೀಮಾ ಸೇತುವೆ ದಾಟಿ ಮೂರು ಮೈಲಿ ಹೋಗಿರಲಿಲ್ಲ, ಸ್ಟೇರಿಂಗು ಕೈಯಲ್ಲಿ ಹಗುರಾಯಿತು. ಒಂದು ಗಾಲಿ ತನ್ನ ದಾರಿ ಹಿಡಿಯಿತು. ಜಾಲಿಮರಕ್ಕೆ ಹೋಗಿ ಗುದ್ದಿದೆವು. ಸೂಗಮ್ಮನ ಎಡಗೈ ಎರಡು ಕಡೆ ಮುರಿಯಿತು. ಇವತ್ತಿಗೂ ಅವಳು ಆ ಕೈಯನ್ನು ತಲೆಯವರೆಗೆ ಎತ್ತಲಾರಳು. ಬಲಗೈ ಒಂದರಿಂದಲೇ ಕೂದಲು ಬಾಚಿಕೊಳ್ಳುತ್ತಾಳೆ.

ಅವಳ ಅಣ್ಣಂದಿರು ಆಸ್ಪತ್ರೆಯಲ್ಲಿ ಏನಾಯಿತು ಎಂದು ಕೇಳಿದರು. ನನ್ನಿಂದ ಎನ್ನಲು ನಾಲಿಗೆ ಏಳಲಿಲ್ಲ. ನಿನ್ನ ಹೆಸರು ಹೇಳಿದೆ. ಒಮ್ಮೆ ಹೇಳಿದ್ದನ್ನು ಮರುದಿನ ನವಾಜನ ಹೋಟೆಲಿನಲ್ಲಿ ಇಪ್ಪತ್ತು ಜನರ ಮುಂದೆಯೂ ಹೇಳಿದೆ. ನೀನು ಮನೆಗೆ ಬಂದೆ. ಜಗಳ ಮಾಡಲಿಲ್ಲ. “ಸಾವ್ಕಾರ್ರ, ಆ ಕೆಂಪು ಅರಿವಿ ಎಲ್ಲೈತ್ರಿ?” ಎಂದು ಒಂದೇ ಮಾತು ಕೇಳಿದೆ. “ಯಾವ ಅರಿವಿಯೋ? ಅರಿವಿ ಗಿರಿವಿ ಏನೂ ಇರಲಿಲ್ಲ” ಎಂದೆ ನಾನು. ಇನ್ನೂ ವಿಭೂತಿ ಹತ್ತಿದ್ದ ಪಾನಾಗಳನ್ನು ಚೀಲಕ್ಕೆ ಹಾಕಿಕೊಂಡು ನೀನು ಹೊರಟು ಹೋದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಆರು ತಿಂಗಳಲ್ಲಿ ನಿನ್ನ ಗ್ಯಾರೇಜಿನ ಬಾಗಿಲು ಬಿತ್ತು. ನೀನು ಕಡೇಚೂರಿನ ಕಾರ್ಖಾನೆಯಲ್ಲಿ ಗೇಟು ಕಾಯುತ್ತಿರುವುದು ಆಸೀಫ್ ಹೇಳಿದ ಮೇಲೆಯೇ ನನಗೆ ಗೊತ್ತಾದದ್ದು. ಕಣ್ಣು ಮುಚ್ಚಿ ಇಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುತ್ತಿದ್ದವನು ಲಾರಿಗಳ ನಂಬರು ಬರೆದುಕೊಳ್ಳುತ್ತಾ ಕುಳಿತಿದ್ದಾನೆ. ಅದನ್ನು ಕೇಳಿದ ದಿನದಿಂದ ನನಗೆ ಅನ್ನ ಸೇರುತ್ತಿಲ್ಲ. ನಿನ್ನ ಆರು ವರ್ಷದ ಮುಂದೆ ಇದೇನು ದೊಡ್ಡ ಮಾತಲ್ಲ ಬಿಡು.

ಕ್ಷಮಿಸು ಎಂದು ಕೇಳುವುದಿಲ್ಲ. ಮಾಡಬಹುದಾದ ಎರಡು ಕೆಲಸ ಮಾಡುತ್ತೇನೆ. ಸುಳ್ಳು ಹೇಳಿದ್ದು ನವಾಜನ ಹೋಟೆಲಿನಲ್ಲಿ. ನಾಳೆ ಬೆಳಿಗ್ಗೆ, ಮಿಸ್ತ್ರಿಗಳೆಲ್ಲ ಚಹಾಕ್ಕೆ ಸೇರುವ ಹೊತ್ತಿಗೆ, ಅಲ್ಲೇ ನಿಂತು ಈ ಪತ್ರವನ್ನು ಪೂರ್ತಿ ಓದಿ, ಆಮೇಲೆ ನಿನಗೆ ಅಂಚೆಯಲ್ಲಿ ಹಾಕುತ್ತೇನೆ. ಎರಡನೆಯದು, ಆಸೀಫ್ ಕಾರಿನ ಎಲ್ಲ ಕೆಲಸ ಮುಗಿಸಿದ್ದಾನೆ, ಒಂದು ಸ್ಪ್ಲಿಟ್ ಪಿನ್ನು ಬಿಟ್ಟು. ನಾನೇ ಬೇಡಿಕೊಂಡು ನಿಲ್ಲಿಸಿದೆ. ಕಾರು ಸುರಪುರದಲ್ಲಿ ಜಾಕಿನ ಮೇಲೆಯೇ ಇದೆ, ಸ್ಟೇರಿಂಗಿಗೆ ಬಟ್ಟೆ ಕಟ್ಟಿದೆ. ನೀನು ಬಂದು ಪಿನ್ನು ಹಾಕಿದರೆ ಅದು ಓಡುತ್ತದೆ. ಬರಲು ಮನಸ್ಸಾಗದಿದ್ದರೆ ಅಲ್ಲೇ ನಿಂತಿರಲಿ. ನಿನ್ನನ್ನು ಬಿಟ್ಟು ಬೇರೆ ಯಾರೂ ಹಾಕುವುದಿಲ್ಲ.

ನಿನ್ನ ಎದುರು ನಿಲ್ಲಲು ಮುಖವಿಲ್ಲದ,
ಜಗದೇವಪ್ಪ

ಮತ್ತೆ ಬರೆದದ್ದು: ಹೋಟೆಲಿನವರ ಕಿವಿಗೆ ಬೀಳುವ ಮೊದಲು ಸೂಗಮ್ಮನ ಕಿವಿಗೆ ಬೀಳಲಿ ಎಂದು ಈಗಷ್ಟೇ ಅವಳಿಗೆ ಓದಿ ಹೇಳಿದೆ. ಅಳುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಎದ್ದು ಹೋಗಿ ಟ್ರಂಕು ತೆರೆದು, ಒಗೆದು ಮಡಚಿಟ್ಟ ಕೆಂಪು ಬಟ್ಟೆಯ ಚೂರು ತಂದು ನನ್ನ ಮುಂದೆ ಇಟ್ಟಳು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ನನ್ನ ಅಂಗಿಯ ಜೇಬಿನಲ್ಲಿ ಸಿಕ್ಕಿತ್ತಂತೆ. ಅಪಘಾತದ ಮೇಲೆ ಅವಳು ಆ ಕಾರು ಹತ್ತದೇ ಇದ್ದದ್ದು ಅಂಜಿಕೆಯಿಂದ ಎಂದು ತಿಳಿದಿದ್ದೆ. “ಅಂಜಿಕಿ ಅಲ್ರಿ, ನೀವು ಖರೇ ಹೇಳೂತನಾ ಹತ್ತಬಾರದಂತ ಇದ್ದೆ” ಎಂದಳು. ಬಟ್ಟೆಯನ್ನು ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಮುಗಿಸುವ ಮೊದಲು ಅವಳದೊಂದು ಮಾತು ಸೇರಿಸಲು ಹೇಳಿದ್ದಾಳೆ. “ಆರು ವರ್ಷ ಎಲ್ಲಾ ಗೊತ್ತಿದ್ದೂ ನಾನೂ ಬಾಯಿ ಮುಚ್ಚಿಕೊಂಡು ಕುಂತೀನಿ. ಬಾಷಾಣ್ಣಗ ನನ್ನ ತಪ್ಪೂ ಬರೀರಿ.” ಅದನ್ನೂ ಬರೆದಿದ್ದೇನೆ.